ಹಾಡಿಗೆ ಬಣ್ಣ ಇರುತ್ತಾ? ಸಿನೆಸ್ಥೇಶಿಯಾ ಇದೆ ಎನ್ನುವ ಕಲಾವಿದರ ಮಾತನ್ನು ಹೇಗೆ ಓದಬೇಕು

ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ತಮ್ಮ ‘ಬ್ಯಾಡ್ ಗೈ’ ಹಾಡನ್ನು ವಿವರಿಸುತ್ತಾ, ಅದು ಹಳದಿ, ಆದರೆ ಕೆಂಪೂ ಹೌದು, ಅದರ ಅಂಕಿ ಏಳು ಎಂದಿದ್ದರು. ಅದು ಸುಡುವಷ್ಟು ಬಿಸಿ ಇಲ್ಲ, ಓವನ್‌ನ ಹಾಗೆ ಬೆಚ್ಚಗಿದೆ, ಅದಕ್ಕೆ ಕುಕೀಸ್ ವಾಸನೆ ಇದೆ ಅಂತಲೂ ಸೇರಿಸಿದ್ದರು. ನ್ಯೂಜಿಲೆಂಡ್‌ನ ಗಾಯಕಿ ಲಾರ್ಡ್ ತಮ್ಮ ‘ಟೆನಿಸ್ ಕೋರ್ಟ್’ ಹಾಡು ಶುರುವಿನಲ್ಲಿ ವಾಕರಿಕೆ ತರಿಸುವಂಥ ಮಾಸಲು ಕಂದು ಬಣ್ಣದಲ್ಲಿತ್ತು, ಸಾಹಿತ್ಯ ಕೂಡಿಕೊಳ್ಳುತ್ತಿದ್ದಂತೆ ರಾತ್ರೋರಾತ್ರಿ ಹಸಿರಾಯಿತು ಎಂದು ಬರೆದುಕೊಂಡಿದ್ದರು. ಅಮೆರಿಕದ ಸಂಗೀತಗಾರ ಫರೆಲ್ ವಿಲಿಯಮ್ಸ್ ತಂಡದ 2008ರ ಆಲ್ಬಮ್ ಹೆಸರೇ ‘ಸೀಯಿಂಗ್ ಸೌಂಡ್ಸ್’. ಶಬ್ದಗಳನ್ನು ನೋಡುವುದು ಅಂತ ಅರ್ಥ.

ಇಂಥ ಸಂದರ್ಶನ ಬಂದಾಗಲೆಲ್ಲ ಸುದ್ದಿಯಲ್ಲಿ ಒಂದು ಪದ ಓಡಾಡುತ್ತದೆ: ಸಿನೆಸ್ಥೇಶಿಯಾ. ಒಂದು ಕಡೆ ಅದು ‘ಅಪರೂಪದ ಕಾಯಿಲೆ’, ಇನ್ನೊಂದು ಕಡೆ ‘ಹುಟ್ಟಿನಿಂದ ಬಂದ ವರ’. ಕೆಳಗೆ ಒಂದು ಪಟ್ಟಿಯೂ ಇರುತ್ತದೆ. ಚಿತ್ರಕಾರ ಕ್ಯಾಂಡಿನ್ಸ್ಕಿಗೆ ಇತ್ತಂತೆ, ಸಂಯೋಜಕ ಸ್ಕ್ರಿಯಾಬಿನ್‌ಗೆ ಇತ್ತಂತೆ, ವ್ಯಾನ್ ಗೋಗೂ ಇತ್ತಂತೆ. ಓದಿದವರಿಗೆ ಗೊಂದಲ ಆಗುವುದು ಸಹಜ. ಇದು ನಿಜವಾದ ಅನುಭವವಾ, ಕವಿತೆಯಂಥ ಮಾತಾ, ಇಲ್ಲಾ ಪ್ರಚಾರದ ತಂತ್ರವಾ?

ಮೂರೂ ಇವೆ. ಮೂರನ್ನೂ ಒಂದೇ ಪದದ ಚೀಲಕ್ಕೆ ತುಂಬಿರುವುದರಿಂದಲೇ ಇಷ್ಟು ಗೊಂದಲ.

ಮೊದಲು, ಇದು ಏನು

ಗ್ರೀಕ್ ಭಾಷೆಯಲ್ಲಿ ‘ಸಿನ್’ ಅಂದರೆ ಜೊತೆಗೆ, ‘ಐಸ್ಥೆಸಿಸ್’ ಅಂದರೆ ಸಂವೇದನೆ. ಒಂದು ಇಂದ್ರಿಯಕ್ಕೆ ಏನೋ ತಾಗಿದಾಗ ಇನ್ನೊಂದು ಇಂದ್ರಿಯದ ಅನುಭವವೂ ಅದರ ಜೊತೆಗೇ ಎದ್ದು ಬರುವುದು ಸಿನೆಸ್ಥೇಶಿಯಾ. ಪಿಟೀಲು ಕೇಳಿದರೆ ಬಣ್ಣ ಕಾಣುವುದು ಒಂದು ಬಗೆ. ಅಕ್ಷರ, ಅಂಕಿಗಳಿಗೆ ಬಣ್ಣ ಇರುವುದು ಇನ್ನೊಂದು. ವಾರದ ದಿನಗಳಿಗೆ ಬಣ್ಣ ಇರುವವರಿದ್ದಾರೆ, ಪದ ಕೇಳಿದರೆ ಬಾಯಲ್ಲಿ ರುಚಿ ಬರುವವರೂ ಇದ್ದಾರೆ.

ನಾವೆಲ್ಲ ‘ಸಿಹಿ ಮಾತು’, ‘ಕಹಿ ನೆನಪು’ ಅಂತೀವಲ್ವಾ? ಅದು ಸಿನೆಸ್ಥೇಶಿಯಾ ಅಲ್ಲ. ಹಾಗೆ ಹೇಳುವಾಗ ನಾಲಿಗೆ ಮೇಲೆ ಏನೂ ಆಗುವುದಿಲ್ಲ. ಸಿನೆಸ್ಥೇಶಿಯಾ ಇರುವವರಿಗೆ ಆಗುತ್ತದೆ, ಅದೂ ಅವರು ಕೇಳಿಕೊಳ್ಳದೆ. ಬೇಡ ಅಂದರೂ ನಿಲ್ಲುವುದಿಲ್ಲ. ಹಾಗಂತ ಎದುರಿಗೆ ಬಣ್ಣದ ಪರದೆ ಬಂದು ರಸ್ತೆ ಕಾಣದಂತೆ ಮಾಡುವುದಿಲ್ಲ. ಹೆಚ್ಚಿನವರಿಗೆ ಬಣ್ಣ ಕಾಣುವುದು ಮನಸ್ಸಿನ ಒಳಗೆ. ಕಣ್ಣೆದುರಿನ ಜಾಗದಲ್ಲೇ ಕಾಣುವವರು ಕಡಿಮೆ.

ಇದು ಕಾಯಿಲೆ ಅಲ್ಲ. ಮನೋವೈದ್ಯರು ಬಳಸುವ ರೋಗಗಳ ಕೈಪಿಡಿಯಲ್ಲಿ ಇದಕ್ಕೆ ಜಾಗ ಇಲ್ಲ. ಅಷ್ಟು ಅಪರೂಪವೂ ಅಲ್ಲ. ಜೂಲಿಯಾ ಸಿಮ್ನರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಯಾವುದೋ ಒಂದು ಬಗೆಯ ಸಿನೆಸ್ಥೇಶಿಯಾ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ ಜನರಲ್ಲಿದೆ. ತುಂಬಾ ಜನರಿಗೆ ಅದು ತಮಗಿದೆ ಅಂತಲೇ ಗೊತ್ತಿರುವುದಿಲ್ಲ. ಎಲ್ಲರಿಗೂ ಮಂಗಳವಾರ ಹಳದಿಯಾಗಿಯೇ ಕಾಣುತ್ತದೆ ಎಂದುಕೊಂಡಿರುತ್ತಾರೆ.

ಸುಳ್ಳಲ್ಲ ಅಂತ ಹೇಗೆ ಗೊತ್ತಾಯಿತು

ಇನ್ನೊಬ್ಬರ ತಲೆಯೊಳಗೆ ಬಣ್ಣ ಇದೆಯೋ ಇಲ್ಲವೋ ನೋಡಲು ಆಗುವುದಿಲ್ಲ. ಈ ಕಾರಣಕ್ಕೇ ವಿಜ್ಞಾನ ಬಹಳ ಕಾಲ ಇದನ್ನು ಪಕ್ಕಕ್ಕಿಟ್ಟಿತ್ತು. 1812ರಲ್ಲಿ ಗೇಯೊರ್ಗ್ ಸಾಕ್ಸ್ ಎಂಬ ಜರ್ಮನ್ ವೈದ್ಯ ತನ್ನ ಪ್ರೌಢ ಪ್ರಬಂಧದಲ್ಲಿ ತನಗೇ ಆಗುತ್ತಿದ್ದ ಈ ಅನುಭವ ಬರೆದಿದ್ದ. 1880ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಇಂಥ ಹಲವರ ಮಾತು ಕಲೆಹಾಕಿದ. ಆಮೇಲೆ 20ನೇ ಶತಮಾನದ ಮನಶ್ಶಾಸ್ತ್ರ ಹೊರಗಿನ ವರ್ತನೆಯನ್ನಷ್ಟೇ ಅಳೆಯಬೇಕು ಎಂಬ ಹಠಕ್ಕೆ ಬಿತ್ತು. ಒಳಗಿನ ಅನುಭವ ಹೇಳಿದವರ ಮಾತಿಗೆ ಬೆಲೆ ಹೋಯಿತು.

ಬಾಗಿಲು ಮತ್ತೆ ತೆರೆದಿದ್ದು ಒಂದು ಸರಳ ಪ್ರಶ್ನೆಯಿಂದ. ಬಣ್ಣ ನಿಜವಾಗಿ ಕಾಣುತ್ತಿದ್ದರೆ ಅದು ಬದಲಾಗಬಾರದು, ಅಲ್ವಾ? ಸೈಮನ್ ಬ್ಯಾರನ್-ಕೊಹೆನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಪರೀಕ್ಷೆ ನಡೆದದ್ದು ಹೀಗೆ. ಪದಗಳ ಉದ್ದ ಪಟ್ಟಿ ಓದಿ, ಪ್ರತಿಯೊಂದಕ್ಕೂ ಬಣ್ಣ ಹೇಳಿ ಎಂದರು. ಸಿನೆಸ್ಥೇಶಿಯಾ ಇರುವವರನ್ನು ಒಂದು ವರ್ಷ ಬಿಟ್ಟು ಮತ್ತೆ ಕೇಳಿದರು. ಅದಿಲ್ಲದವರ ಗುಂಪನ್ನು ಒಂದೇ ವಾರದ ನಂತರ ಕೇಳಿದರು. ಇಲ್ಲದವರ ಉತ್ತರ ಹೊಂದಿದ್ದು ಸುಮಾರು ಶೇ. 38ರಷ್ಟು. ಇರುವವರದು ವರ್ಷದ ಮೇಲೂ ಶೇ. 92. ಅವರು ಬರೀ ‘ಹಸಿರು’ ಎನ್ನುವುದಿಲ್ಲ, ಯಾವ ಹಸಿರು ಅಂತ ಬಿಡಿಸಿ ಹೇಳುತ್ತಾರೆ. ಆ ಹಸಿರು ವರ್ಷದ ನಂತರವೂ ಅದೇ. ಬಾಯಿಪಾಠ ಮಾಡಿ ಇದನ್ನು ಸಾಧಿಸುವುದು ಸುಲಭವಲ್ಲ.

2001ರಲ್ಲಿ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ಇನ್ನೊಂದು ದಾರಿ ಹಿಡಿದರು. ಒಂದು ಹಾಳೆ ತುಂಬ ಕಪ್ಪು ಶಾಯಿಯ 5 ಅಂಕಿಗಳು. ಅವುಗಳ ನಡುವೆ ಅಲ್ಲಲ್ಲಿ 2. ಆಕಾರ ಒಂದಕ್ಕೊಂದು ಕನ್ನಡಿ ಹಿಡಿದ ಹಾಗಿರುವುದರಿಂದ ಬೇರ್ಪಡಿಸಲು ನಮ್ಮಂಥವರು ಹುಡುಕಾಡಬೇಕು. ಆದರೆ ಆ 2ಗಳನ್ನು ಸೇರಿಸಿದರೆ ಒಂದು ತ್ರಿಕೋನ ಆಗುವ ಹಾಗೆ ಜೋಡಿಸಿದ್ದರು. 5 ಹಸಿರು, 2 ಕೆಂಪು ಅಂತ ಕಾಣುವವರಿಗೆ ಹಸಿರು ಹೊಲದಲ್ಲಿ ಕೆಂಪು ತ್ರಿಕೋನ ಬೇಗ ಸಿಕ್ಕಿತು. ಸಿನೆಸ್ಥೇಶಿಯಾ ಇರುವ ಎಲ್ಲರೂ ಈ ಪರೀಕ್ಷೆಯಲ್ಲಿ ಅಷ್ಟು ಚುರುಕಾಗಿರುವುದಿಲ್ಲ ಎಂದು ಮುಂದಿನ ಅಧ್ಯಯನಗಳು ತಿದ್ದಿವೆ. ಆದರೂ ಇದು ಬರೀ ನೆನಪಿನ ಆಟವಲ್ಲ, ನೋಟದ ಹಂತದಲ್ಲೇ ಏನೋ ನಡೆಯುತ್ತಿದೆ ಎಂಬ ವಾದಕ್ಕೆ ಅದರಿಂದ ಬಲ ಬಂತು.

ಯಾಕೆ ಹೀಗಾಗುತ್ತದೆ ಎನ್ನುವುದರಲ್ಲಿ ಒಮ್ಮತ ಇಲ್ಲ. ಮಿದುಳಿನಲ್ಲಿ ಅಂಕಿಯ ಆಕಾರ ಗುರುತಿಸುವ ಭಾಗ ಮತ್ತು ಬಣ್ಣ ಸಂಸ್ಕರಿಸುವ ಭಾಗ ಅಕ್ಕಪಕ್ಕ ಇವೆ, ಅವುಗಳ ನಡುವೆ ಸಂಪರ್ಕ ಜಾಸ್ತಿ ಉಳಿದುಕೊಂಡಿದೆ ಎನ್ನುವುದು ಒಂದು ಪಕ್ಷ. ಸಂಪರ್ಕ ಎಲ್ಲರಲ್ಲೂ ಇದೆ, ಇವರಲ್ಲಿ ಅದಕ್ಕಿರುವ ಕಡಿವಾಣ ಸಡಿಲ ಎನ್ನುವುದು ಇನ್ನೊಂದು ಪಕ್ಷ. ವಂಶವಾಹಿಯ ಪಾತ್ರ ಮಾತ್ರ ಸ್ಪಷ್ಟ. ಒಂದೇ ಮನೆಯಲ್ಲಿ ಹಲವರಿಗೆ ಇರುವುದು ಸಾಮಾನ್ಯ. ಶಬ್ದಕ್ಕೆ ಬಣ್ಣ ಕಾಣುವ ಮೂರು ಕುಟುಂಬಗಳನ್ನು ಪರಿಶೀಲಿಸಿದ 2018ರ ಅಧ್ಯಯನದಲ್ಲಿ ನರಕೋಶಗಳ ತಂತುಗಳು ಬೆಳೆಯುವುದಕ್ಕೆ ಸಂಬಂಧಪಟ್ಟ ಜೀನ್‌ಗಳು ಕಣ್ಣಿಗೆ ಬಿದ್ದವು.

ಪ್ಯಾರಿಸ್ಸಿನ ಮೇಜಿನ ಸುತ್ತ ಮೂವರು

ಕಲಾವಿದರ ವಿಷಯಕ್ಕೆ ಬಂದರೆ, ಈ ಇಡೀ ವಿವಾದ ಒಂದೇ ಮೇಜಿನ ಸುತ್ತ ಕೂತ ಪ್ರಸಂಗವೊಂದಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1907, ಪ್ಯಾರಿಸ್ಸಿನ ಕೆಫೆ ದ ಲಾ ಪೈ. ಕೂತವರು ರಷ್ಯಾದ ಮೂವರು ಸಂಗೀತಗಾರರು: ರಿಮ್ಸ್ಕಿ-ಕೊರ್ಸಕೊವ್, ಸ್ಕ್ರಿಯಾಬಿನ್ ಮತ್ತು ರಾಖ್ಮನಿನೊವ್. ಸ್ವರಶ್ರೇಣಿಗಳಿಗೆ ಬಣ್ಣ ಇದೆ ಎಂದು ಸ್ಕ್ರಿಯಾಬಿನ್ ವಾದಿಸುತ್ತಿದ್ದರು. ಹಿರಿಯರಾದ ರಿಮ್ಸ್ಕಿ-ಕೊರ್ಸಕೊವ್ ಹೌದೆಂದು ತಲೆಯಾಡಿಸಿದ್ದು ಕಂಡು ರಾಖ್ಮನಿನೊವ್‌ಗೆ ಆಶ್ಚರ್ಯ. ಆದರೆ ಇಬ್ಬರ ಬಣ್ಣಗಳೂ ಕೂಡಿಬರುತ್ತಿರಲಿಲ್ಲ. ಇ ಫ್ಲ್ಯಾಟ್ ಮೇಜರ್ ಎಂಬ ಶ್ರೇಣಿ ರಿಮ್ಸ್ಕಿಗೆ ನೀಲಿ, ಸ್ಕ್ರಿಯಾಬಿನ್‌ಗೆ ಕೆನ್ನೇರಳೆ. ಡಿ ಮೇಜರ್ ಒಂದರಲ್ಲಿ ಮಾತ್ರ ಇಬ್ಬರೂ ಒಪ್ಪಿದರು. ಅದು ಹೊನ್ನಿನ ಬಣ್ಣ.

ಆಗ ರಿಮ್ಸ್ಕಿ ರಾಖ್ಮನಿನೊವ್ ಕಡೆ ತಿರುಗಿ, ನಿಮ್ಮದೇ ಕೃತಿಯಿಂದ ಸಾಬೀತು ಮಾಡುತ್ತೇನೆ ಎಂದರು. ‘ಮೈಸರ್ಲಿ ನೈಟ್’ ಒಪೆರಾದಲ್ಲಿ ಮುದಿ ಜಿಪುಣ ಪೆಟ್ಟಿಗೆಗಳನ್ನು ತೆರೆದಾಗ ದೀವಟಿಗೆ ಬೆಳಕಿಗೆ ಚಿನ್ನ ಹೊಳೆಯುವ ದೃಶ್ಯ ಇದೆ. ಅದನ್ನು ಯಾವ ಶ್ರೇಣಿಯಲ್ಲಿ ಬರೆದಿದ್ದೀರಿ? ಡಿ ಮೇಜರ್ ಎಂದು ರಾಖ್ಮನಿನೊವ್ ಒಪ್ಪಬೇಕಾಯಿತು. ನೋಡಿ, ನೀವು ಅಲ್ಲಗಳೆಯುವ ನಿಯಮವನ್ನೇ ನಿಮ್ಮ ಅಂತಃಪ್ರಜ್ಞೆ ಪಾಲಿಸಿದೆ ಎಂದರು ಸ್ಕ್ರಿಯಾಬಿನ್.

ಸುದ್ದಿಗಳು ಸಾಮಾನ್ಯವಾಗಿ ಇಲ್ಲಿಗೇ ಕಥೆ ಮುಗಿಸುತ್ತವೆ. ಆದರೆ ರಾಖ್ಮನಿನೊವ್ ತಮ್ಮ ನೆನಪುಗಳಲ್ಲಿ ಮುಂದಿನದ್ದನ್ನೂ ಹೇಳಿದ್ದಾರೆ. ಅವರ ಹತ್ತಿರ ಬೇರೆ ವಿವರಣೆ ಇತ್ತು. ರಿಮ್ಸ್ಕಿಯದೇ ‘ಸಾದ್ಕೊ’ ಒಪೆರಾದಲ್ಲಿ ಜನ ಸರೋವರದಿಂದ ಹೊನ್ನಿನ ಮೀನು ಎಳೆದು ‘ಚಿನ್ನ! ಚಿನ್ನ!’ ಎಂದು ಕೂಗುವ ಜಾಗ ಇರುವುದು ಡಿ ಮೇಜರ್‌ನಲ್ಲಿ. ಅದು ತನಗೇ ತಿಳಿಯದಂತೆ ಕಿವಿಯಲ್ಲಿ ಉಳಿದಿರಬೇಕು ಎಂದರು.

ಒಂದೇ ಸಂಗತಿಗೆ ಎರಡು ಕಾರಣ. ಒಬ್ಬರ ಪ್ರಕಾರ ಬಣ್ಣ ಸ್ವರದಲ್ಲೇ ಇದೆ. ಇನ್ನೊಬ್ಬರ ಪ್ರಕಾರ ಒಬ್ಬ ಸಂಗೀತಗಾರ ಇನ್ನೊಬ್ಬನಿಂದ ಕಲಿತದ್ದು ಬಣ್ಣದ ಹಾಗೆ ಕಾಣುತ್ತಿದೆ. ಇವತ್ತಿನ ತಿಳಿವಳಿಕೆಯ ಪ್ರಕಾರ, ಎಲ್ಲರಿಗೂ ಅನ್ವಯಿಸುವ ನಿಯಮ ಇದೆ ಎಂದ ಸ್ಕ್ರಿಯಾಬಿನ್ ತಪ್ಪು. ಇಬ್ಬರ ಬಣ್ಣ ಕೂಡಿಬರದೇ ಇದ್ದದ್ದು ಮಾತ್ರ ಸಿನೆಸ್ಥೇಶಿಯಾಕ್ಕೆ ವಿರುದ್ಧದ ಸಾಕ್ಷಿಯಲ್ಲ. ಅದರ ಲಕ್ಷಣವೇ ಹಾಗೆ. ಒಂದೇ ಮನೆಯ ಇಬ್ಬರು ಮಕ್ಕಳಿಗೂ ‘ಎ’ ಅಕ್ಷರದ ಬಣ್ಣ ಬೇರೆ ಬೇರೆ ಇರಬಹುದು.

ಅನುಮಾನ ಹುಟ್ಟಿಸುವ ಅಚ್ಚುಕಟ್ಟುತನ

ಹಾಗಾದರೆ ಸ್ಕ್ರಿಯಾಬಿನ್‌ಗೆ ಸಿನೆಸ್ಥೇಶಿಯಾ ಇತ್ತಾ? ಪಟ್ಟಿಗಳಲ್ಲಿ ಅವರ ಹೆಸರು ಮೊದಲು ಬರುತ್ತದೆ. 1910ರಲ್ಲಿ ಮುಗಿಸಿದ ‘ಪ್ರೊಮೀಥಿಯಸ್’ ಕೃತಿಯ ಸ್ವರಲಿಪಿಯಲ್ಲಿ ಅವರು ಬೆಳಕಿಗಾಗಿಯೇ ಒಂದು ಸಾಲು ಬರೆದಿದ್ದರು. ಕೀ ಒತ್ತಿದರೆ ಶಬ್ದದ ಬದಲು ಬಣ್ಣ ಬರುವ ವಾದ್ಯಕ್ಕಾಗಿ ಬರೆದ ಸಾಲು ಅದು. 1911ರಲ್ಲಿ ಮಾಸ್ಕೋದಲ್ಲಿ ಮೊದಲ ಬಾರಿ ನುಡಿಸಿದಾಗ ಬೆಳಕು ಇರಲಿಲ್ಲ. ಬಣ್ಣದ ಸಮೇತ ಅದು ಬಂದದ್ದು 1915ರ ಮಾರ್ಚ್‌ನಲ್ಲಿ, ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ. ಮರು ತಿಂಗಳೇ ಸ್ಕ್ರಿಯಾಬಿನ್ ಮಾಸ್ಕೋದಲ್ಲಿ ತೀರಿಕೊಂಡರು. ಅದನ್ನು ಅವರು ನೋಡಲೇ ಇಲ್ಲ.

ಸಮಸ್ಯೆ ಇರುವುದು ಅವರ ಬಣ್ಣದ ಪಟ್ಟಿಯಲ್ಲಿ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಶ್ರೇಣಿಗಳನ್ನು ಪಂಚಮದ ಲೆಕ್ಕದಲ್ಲಿ ಒಂದು ಚಕ್ರದಂತೆ ಜೋಡಿಸುತ್ತಾರೆ. ಆ ಚಕ್ರ ಹಿಡಿದು ಹೋದರೆ ಸ್ಕ್ರಿಯಾಬಿನ್ ಬಣ್ಣಗಳು ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ ಎಂದು ಹೆಚ್ಚುಕಡಿಮೆ ಕಾಮನಬಿಲ್ಲಿನ ಕ್ರಮದಲ್ಲಿ ಬರುತ್ತವೆ. ನಿಜವಾದ ಸಿನೆಸ್ಥೇಶಿಯಾ ಇಷ್ಟು ಓರಣವಾಗಿರುವುದು ಕಡಿಮೆ. ಅದರಲ್ಲಿ ಒಂದರ ಪಕ್ಕ ಒಂದು ಸಂಬಂಧವಿಲ್ಲದ ಬಣ್ಣ ಬರುತ್ತವೆ, ಕೆಲವು ಜಾಗ ಖಾಲಿಯೇ ಇರುತ್ತವೆ. ಸ್ಕ್ರಿಯಾಬಿನ್ ಥಿಯಾಸಫಿ ಎಂಬ ಅಧ್ಯಾತ್ಮ ಪಂಥದ ಪ್ರಭಾವದಲ್ಲಿದ್ದರು ಎಂಬುದನ್ನೂ ಸೇರಿಸಿಕೊಂಡರೆ, ಇದು ಕಂಡದ್ದಕ್ಕಿಂತ ಕಟ್ಟಿದ್ದು ಎಂಬ ವಾದಕ್ಕೆ ತೂಕ ಇದೆ. ರಷ್ಯಾದ ಸಂಶೋಧಕರಾದ ಗಲೇಯೆವ್ ಮತ್ತು ವನೆಚ್ಕಿನಾ 2001ರಲ್ಲಿ ಇದೇ ಮಾತು ಹೇಳಿದರು. ಇನ್ನು ಕೆಲವರು ಮೂಲದಲ್ಲಿ ಒಂದೆರಡು ಬಣ್ಣ ನಿಜವಾಗಿ ಕಂಡಿರಬಹುದು, ಉಳಿದದ್ದು ತರ್ಕದಿಂದ ತುಂಬಿದ್ದು ಎನ್ನುತ್ತಾರೆ.

ಕ್ಯಾಂಡಿನ್ಸ್ಕಿಯದೂ ಇದೇ ಕಥೆ. ಮಾಸ್ಕೋದಲ್ಲಿ ವ್ಯಾಗ್ನರ್‌ನ ‘ಲೋಹೆನ್‌ಗ್ರಿನ್’ ಒಪೆರಾ ಕೇಳುವಾಗ ತನ್ನೆಲ್ಲ ಬಣ್ಣಗಳೂ ಕಣ್ಣೆದುರು ಬಂದವು, ಹುಚ್ಚು ರೇಖೆಗಳು ಮೂಡಿದವು ಎಂದು ಅವರು ಬರೆದಿದ್ದಾರೆ. 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಸಂಯೋಜಕ ಶೋನ್‌ಬರ್ಗ್ ಅವರ ಸಂಗೀತ ಕಛೇರಿ ಕೇಳಿ ಬಂದು ಬಿಡಿಸಿದ ‘ಇಂಪ್ರೆಷನ್ 3’ ಚಿತ್ರದಲ್ಲಿ ಪಿಯಾನೋದ ಕಪ್ಪು ಮುಚ್ಚಳದ ಸುತ್ತ ಹಳದಿ ಉಕ್ಕಿ ಹರಿಯುತ್ತದೆ. ಇಲ್ಲಿ ಅನುಭವ ಇದ್ದಿರಬಹುದು. ಆದರೆ ಅದೇ ಕ್ಯಾಂಡಿನ್ಸ್ಕಿ 1923ರಲ್ಲಿ ಜರ್ಮನಿಯ ಬೌಹೌಸ್ ಕಲಾ ಶಾಲೆಯಲ್ಲಿ ಒಂದು ಪ್ರಶ್ನಾವಳಿ ಹಂಚಿದರು. ತ್ರಿಕೋನ, ಚೌಕ, ವೃತ್ತಕ್ಕೆ ಹಳದಿ, ಕೆಂಪು, ನೀಲಿ ತುಂಬಿ ಎಂದು ಕೇಳಿದರು. ತ್ರಿಕೋನ ಹಳದಿ, ಚೌಕ ಕೆಂಪು, ವೃತ್ತ ನೀಲಿ ಎಂಬುದು ಅವರ ನಂಬಿಕೆ. ತನ್ನೊಬ್ಬನಿಗೆ ಕಾಣುವ ಬಣ್ಣಕ್ಕೆ ಯಾರೂ ಮತ ಹಾಕಿಸುವುದಿಲ್ಲ. ಅವರು ಹುಡುಕುತ್ತಿದ್ದದ್ದು ಎಲ್ಲರಿಗೂ ಸಲ್ಲುವ ವ್ಯಾಕರಣ.

ಅಂಥ ವ್ಯಾಕರಣ ಸ್ವಲ್ಪ ಮಟ್ಟಿಗೆ ಇದೆ ಕೂಡ. ಚೂಪು ಚೂಪಾದ ಆಕಾರ, ದುಂಡು ದುಂಡಾದ ಆಕಾರ ಎರಡನ್ನೂ ತೋರಿಸಿ ಯಾವುದು ‘ಕಿಕಿ’, ಯಾವುದು ‘ಬೂಬಾ’ ಎಂದು ಕೇಳಿದರೆ ಬಹುಪಾಲು ಜನ ಚೂಪಾದದ್ದನ್ನೇ ಕಿಕಿ ಅನ್ನುತ್ತಾರೆ. ನೀವೂ ಅದನ್ನೇ ಅಂದುಕೊಂಡಿರಿ, ಅಲ್ವಾ? ಮೇಲಿನ ಸ್ವರ ತಿಳಿ ಬಣ್ಣ, ಕೆಳಗಿನ ಸ್ವರ ಗಾಢ ಬಣ್ಣ ಅನ್ನಿಸುವುದೂ ಹೀಗೆಯೇ. ಈ ಹೊಂದಾಣಿಕೆ ಹೆಚ್ಚುಕಡಿಮೆ ಎಲ್ಲರಲ್ಲೂ ಇದೆ. ಕಲಾವಿದನಿಗೆ ಅದು ದೊಡ್ಡ ಬಂಡವಾಳ. ಆದರೆ ಅದಕ್ಕೆ ಸಿನೆಸ್ಥೇಶಿಯಾ ಎಂಬ ಹೆಸರು ಬೇಕಿಲ್ಲ.

ವ್ಯಾನ್ ಗೋ ವಿಷಯ ಇನ್ನೂ ತೆಳು. 1885ರ ಸುಮಾರಿಗೆ ಪಿಯಾನೋ ಕಲಿಯಲು ಹೋಗಿ ಸ್ವರಗಳನ್ನು ಬಣ್ಣಗಳಿಗೆ ಹೋಲಿಸುತ್ತಿದ್ದರು, ಗುರುಗಳು ಇವನಿಗೆ ಹುಚ್ಚು ಎಂದು ಕಳಿಸಿಬಿಟ್ಟರು ಎಂಬ ಪರಿಚಿತರೊಬ್ಬರ ನೆನಪೇ ಅದಕ್ಕೆ ಆಧಾರ. ಬಣ್ಣವನ್ನೇ ಉಸಿರಾಡುತ್ತಿದ್ದ ಚಿತ್ರಕಾರ ಸಂಗೀತವನ್ನು ಬಣ್ಣದ ಮೂಲಕ ಹಿಡಿಯಲು ಹೋಗುವುದು ಸಹಜವೇ. ಅಷ್ಟರಿಂದ ಏನೂ ತೀರ್ಮಾನ ಆಗುವುದಿಲ್ಲ.

ವಿವರವೇ ಮಾತಾಡುವಲ್ಲಿ

ಫ್ರೆಂಚ್ ಸಂಯೋಜಕ ಒಲಿವಿಯೆ ಮೆಸಿಯಾನ್ ಅವರದು ಬೇರೆಯೇ ತೂಕ. ಅವರು ಶ್ರೇಣಿಗೊಂದು ಬಣ್ಣ ಹಂಚಲಿಲ್ಲ. ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ ಒಂದೊಂದನ್ನೂ ಕಲ್ಲು, ಹರಳು, ಗಾಜಿನ ಕಿಟಕಿ ವರ್ಣಿಸುವ ಹಾಗೆ ವರ್ಣಿಸಿದರು: ಯಾವ ಬಣ್ಣ ಎಲ್ಲಿ ಗಾಢ, ಎಲ್ಲಿ ಚುಕ್ಕೆ, ಅಂಚಿನಲ್ಲಿ ಏನು. ಅದೇ ಗುಚ್ಛವನ್ನು ಅರ್ಧ ಸ್ವರ ಮೇಲಕ್ಕೆ ಸರಿಸಿದರೆ ಬಣ್ಣ ಬದಲು. ಬಣ್ಣ ಕಾಣುವುದು ಕಣ್ಣಿಗಲ್ಲ, ಒಳಗೆ ಎಂದೂ ಸ್ಪಷ್ಟವಾಗಿ ಹೇಳುತ್ತಿದ್ದರು. 1941ರ ಜನವರಿಯಲ್ಲಿ ಜರ್ಮನ್ ಯುದ್ಧಕೈದಿಗಳ ಶಿಬಿರದಲ್ಲಿ ಮೊದಲ ಬಾರಿ ನುಡಿಸಿದ ‘ಕ್ವಾರ್ಟೆಟ್ ಫಾರ್ ದಿ ಎಂಡ್ ಆಫ್ ಟೈಮ್’ ಕೃತಿಗೆ ಬರೆದ ಮುನ್ನುಡಿಯಲ್ಲಿ, ಪಿಯಾನೋದಿಂದ ಮೆಲ್ಲಗೆ ಧುಮುಕುವ ‘ನೀಲಿ-ಕಿತ್ತಳೆ’ ಸ್ವರಗುಚ್ಛಗಳ ಮಾತು ಬರುತ್ತದೆ. 1963ರ ಕೃತಿಯೊಂದರಲ್ಲಂತೂ ಬಣ್ಣದ ಹೆಸರುಗಳನ್ನು ಸ್ವರಲಿಪಿಯ ಮೇಲೇ ಬರೆದರು. ದಶಕಗಟ್ಟಲೆ ನಿಂತ ಈ ವಿವರ ಪ್ರಯೋಗಾಲಯದ ಪರೀಕ್ಷೆಗೆ ತೀರಾ ಹತ್ತಿರ ಬರುತ್ತದೆ.

ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಹೇಳಿದ್ದು ಎರಡೇ ಮಾತು, ಆದರೆ ಅಮೂಲ್ಯ. ತಮ್ಮ ತಂಡದ ಹ್ಯಾರಿ ಕಾರ್ನಿ ಡಿ ಸ್ವರ ನುಡಿಸಿದರೆ ಅದು ಗಾಢ ನೀಲಿ ಗೋಣಿತಾಟು. ಜಾನಿ ಹಾಡ್ಜಸ್ ಜಿ ಸ್ವರ ನುಡಿಸಿದರೆ ತಿಳಿ ನೀಲಿ ಸ್ಯಾಟಿನ್. ಅದೇ ಸ್ವರ ಬೇರೆಯವರು ನುಡಿಸಿದರೆ ಬಣ್ಣವೂ ಬೇರೆ. ಇಲ್ಲಿ ಬಣ್ಣ ಅಂಟಿಕೊಂಡಿರುವುದು ಸ್ವರಕ್ಕಲ್ಲ, ನುಡಿಸುವವನ ನಾದಕ್ಕೆ. ಜೊತೆಗೆ ಬಟ್ಟೆಯ ಒರಟು, ನುಣುಪು ಕೂಡ ಬಂದಿವೆ. ಪ್ರತಿಯೊಬ್ಬ ವಾದಕನ ದನಿಗೆಂದೇ ಸಂಗೀತ ಬರೆಯುತ್ತಿದ್ದ ಮನುಷ್ಯನಿಗೆ ಹೀಗೆ ಕೇಳಿಸುತ್ತಿತ್ತು ಎನ್ನುವುದು ಅವರ ಕೆಲಸಕ್ಕೇ ಬೆಳಕು ಚೆಲ್ಲುತ್ತದೆ.

ಇವತ್ತಿನವರ ಮಾತು

ಈಗಿನ ಗಾಯಕರಲ್ಲಿ ಹೆಚ್ಚಿನವರು ಪರೀಕ್ಷೆಯ ಫಲಿತಾಂಶ ಮುಂದಿಟ್ಟು ಮಾತಾಡುವುದಿಲ್ಲ. ಅದು ಅವರ ಕರ್ತವ್ಯವೂ ಅಲ್ಲ. ಆದರೆ ಈ ಪದಕ್ಕೆ ಮಾರುಕಟ್ಟೆ ಬೆಲೆ ಬಂದಿದೆ. ‘ನನಗೆ ಹಾಡು ಕಾಣುತ್ತದೆ’ ಎಂದರೆ ಸಂದರ್ಶನಕ್ಕೆ ತಲೆಬರಹ ಸಿಗುತ್ತದೆ, ಆಲ್ಬಮ್ಮಿಗೆ ಒಂದು ಬಣ್ಣದ ಗುರುತು ಸಿಗುತ್ತದೆ. ಹೀಗಾಗಿ ಇಲ್ಲದವರೂ ಹೇಳುವ ಸಾಧ್ಯತೆ ಇದ್ದೇ ಇದೆ. ಆ ಕಾರಣಕ್ಕೆ ಎಲ್ಲರನ್ನೂ ಸುಳ್ಳರು ಅನ್ನುವುದೂ ಅನ್ಯಾಯ. ಅಂಕಿಅಂಶದ ಪ್ರಕಾರ ನೂರು ಗಾಯಕರಲ್ಲಿ ನಾಲ್ಕೈದು ಜನರಿಗಾದರೂ ಯಾವುದೋ ಒಂದು ಬಗೆ ಇರಬೇಕು.

ಕೇಳುಗರು ಕೆಲವು ಸುಳಿವು ನೋಡಬಹುದು. ಮಾತು ವರ್ಷಗಳ ನಂತರವೂ ಅದೇ ಇದೆಯಾ? ವಿವರ ಚಂದಕ್ಕೆ ಹೇಳಿದ್ದಾ, ಅಥವಾ ವಿಚಿತ್ರವಾಗಿ ನಿರ್ದಿಷ್ಟವಾಗಿದೆಯಾ? ಕಿರಿಕಿರಿಯ ಅನುಭವವೂ ಇದೆಯಾ? ತನ್ನದೇ ಹಾಡಿನ ಬಣ್ಣ ವಾಕರಿಕೆ ತರಿಸಿತು ಎಂಬ ಲಾರ್ಡ್ ಮಾತು ಹೊಗಳಿಕೆಗೆ ಹೇಳುವಂಥದ್ದಲ್ಲ. ಐಲಿಶ್ ಅಣ್ಣ ಫಿನಿಯಸ್ ತಮಗೂ ಇದೆ ಎಂದಿದ್ದಾರೆ, ಇದು ವಂಶದ ಲೆಕ್ಕಕ್ಕೆ ಹೊಂದುತ್ತದೆ. ಇವು ಪುರಾವೆಗಳಲ್ಲ, ಯಾವ ಕಡೆ ಒಲವು ಎಂದು ತೋರಿಸುವ ಸುಳಿವುಗಳು ಅಷ್ಟೆ.

ಇದರಿಂದ ಕಲೆ ಬರುತ್ತಾ?

ಹೆಚ್ಚು ಹಾನಿ ಮಾಡುವ ತಪ್ಪು ಇರುವುದು ಇಲ್ಲಿ. ರೋಥೆನ್ ಮತ್ತು ಮಾಯರ್ 2010ರಲ್ಲಿ ಕಲಾ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ ಶೇ. 7ರಷ್ಟು ಜನರಲ್ಲಿ ಅಕ್ಷರಕ್ಕೆ ಬಣ್ಣ ಕಾಣುವ ಬಗೆಯ ಸಿನೆಸ್ಥೇಶಿಯಾ ಕಂಡಿತು. ಹೋಲಿಕೆಯ ಗುಂಪಿನಲ್ಲಿ ಶೇ. 2. ನಂಟು ಇದೆ ಅನ್ನುವುದು ನಿಜ. ಆದರೆ ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ಓದಿ. ಕಲಾ ಶಾಲೆಯ ನೂರರಲ್ಲಿ 93 ಜನರಿಗೆ ಅದಿಲ್ಲ. ಬಣ್ಣ ಕಾಣುವವರು ಬಣ್ಣದ ಕಡೆ ಒಲಿಯುತ್ತಾರೆ, ಅದಕ್ಕೆ ಕಲೆಯಲ್ಲಿ ಅವರ ಪಾಲು ಜಾಸ್ತಿ. ಅವರ ಚಿತ್ರ ಚೆನ್ನಾಗಿರುತ್ತದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಇನ್ನೊಂದು ವಿಷಯ: ಬಣ್ಣದ ಬಗ್ಗೆ ಯಾರೂ ಲೆಕ್ಕಿಗರನ್ನು ಸಂದರ್ಶನ ಮಾಡುವುದಿಲ್ಲ, ಕಲಾವಿದರನ್ನು ಮಾಡುತ್ತಾರೆ. ಆದ್ದರಿಂದ ನಮಗೆ ಕೇಳಿಸುವುದು ಕಲಾವಿದರ ದನಿ ಮಾತ್ರ.

ಈ ತಪ್ಪು ತಿಳಿವಳಿಕೆಯಿಂದಲೇ ‘ಸಿನೆಸ್ಥೇಶಿಯಾ ಕಲಿಯಿರಿ, ಸೃಜನಶೀಲರಾಗಿ’ ಎಂಬ ಆಸೆಯೂ ಹುಟ್ಟುತ್ತದೆ. ಸಸೆಕ್ಸ್ ವಿಶ್ವವಿದ್ಯಾಲಯದ ತಂಡ 14 ಜನರಿಗೆ ಒಂಬತ್ತು ವಾರ ಅಕ್ಷರ-ಬಣ್ಣದ ತರಬೇತಿ ಕೊಟ್ಟು 2014ರಲ್ಲಿ ಫಲಿತಾಂಶ ಪ್ರಕಟಿಸಿತು. ಹಲವರಿಗೆ ಓದುವಾಗ ಅಕ್ಷರಕ್ಕೆ ಬಣ್ಣ ಕಾಣತೊಡಗಿತ್ತು. ಮೂರು ತಿಂಗಳಲ್ಲಿ ಆ ಅನುಭವ ಹೆಚ್ಚುಕಡಿಮೆ ಮಾಸಿಹೋಯಿತು.

ಕಲಿಕೆಗೆ ಪಾತ್ರವೇ ಇಲ್ಲ ಅಂತಲ್ಲ. 2015ರ ಅಧ್ಯಯನವೊಂದು ಸಿನೆಸ್ಥೇಶಿಯಾ ಇರುವ 6,588 ಅಮೆರಿಕನ್ನರ ಅಕ್ಷರ-ಬಣ್ಣಗಳನ್ನು ಪರಿಶೀಲಿಸಿತು. ಶೇ. 6ರಷ್ಟು ಜನರ ಬಣ್ಣಗಳು ಫಿಶರ್-ಪ್ರೈಸ್ ಆಟಿಕೆ ಕಂಪನಿಯ, ಫ್ರಿಡ್ಜ್‌ಗೆ ಅಂಟಿಸುವ ಮ್ಯಾಗ್ನೆಟ್ ಅಕ್ಷರಗಳ ಬಣ್ಣಕ್ಕೆ ಹೊಂದಿದವು. ಆ ಆಟಿಕೆ ಮನೆಮನೆಯಲ್ಲಿದ್ದ ಕಾಲದಲ್ಲಿ, ಅಂದರೆ 1970ರ ದಶಕದ ಕೊನೆಯರ್ಧದಲ್ಲಿ ಹುಟ್ಟಿದವರಲ್ಲಿ ಈ ಪ್ರಮಾಣ ಶೇ. 15ರ ಆಸುಪಾಸು. ಬೆಸೆಯುವ ಗುಣ ಹುಟ್ಟಿನಿಂದ ಬಂದಿರಬಹುದು. ಯಾವ ಬಣ್ಣ ಎಂಬುದನ್ನು ಕೆಲವೊಮ್ಮೆ ಫ್ರಿಡ್ಜ್ ಬಾಗಿಲು ನಿರ್ಧರಿಸುತ್ತದೆ.

ಮುಂದೆ ಏನಾಗಬಹುದು

‘ಕಾಯಿಲೆ’ ಎಂದು ಬರೆದರೆ ಪರಿಣಾಮ ಒಂದು. ಬಣ್ಣ ಕಾಣುವ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಪೋಷಕರು ಸುಮ್ನೆ ಗಾಬರಿಯಾಗುತ್ತಾರೆ. ‘ಪ್ರತಿಭೆ’ ಎಂದು ಬರೆದರೆ ಇನ್ನೊಂದು. ಚೆನ್ನಾಗಿ ಹಾಡುವ, ಬಣ್ಣ ಕಾಣದ ಹುಡುಗಿ ತನಗೇನೋ ಕೊರತೆ ಇದೆ ಎಂದುಕೊಳ್ಳುತ್ತಾಳೆ. ಬಣ್ಣ ಕಾಣುವ ಹುಡುಗನಿಂದ ಇಲ್ಲದ ನಿರೀಕ್ಷೆ ಶುರುವಾಗುತ್ತದೆ.

ಲೇಖಕ ವ್ಲಾದಿಮಿರ್ ನಬೊಕೊವ್ ಬಾಲ್ಯದ ಒಂದು ಪ್ರಸಂಗ ಬರೆದಿಟ್ಟಿದ್ದಾರೆ. ಆರು ದಾಟಿದ್ದ ಹುಡುಗ ಅಕ್ಷರದ ಬಣ್ಣಬಣ್ಣದ ಮರದ ತುಂಡುಗಳಿಂದ ಗೋಪುರ ಕಟ್ಟುತ್ತಿದ್ದ. ಈ ಅಕ್ಷರಗಳ ಬಣ್ಣ ಎಲ್ಲಾ ತಪ್ಪು ಎಂದು ಅಮ್ಮನಿಗೆ ದೂರಿದ. ಅಮ್ಮ ಬೈಯಲಿಲ್ಲ, ಬೆರಗೂ ಪಡಲಿಲ್ಲ. ಅವರಿಗೂ ಅಕ್ಷರಗಳಿಗೆ ಬಣ್ಣ ಇತ್ತು. ಇಬ್ಬರೂ ತಾಳೆ ಹಾಕಿ ನೋಡಿದಾಗ ಕೆಲವು ಅಕ್ಷರಗಳ ಬಣ್ಣ ಒಂದೇ ಆಗಿತ್ತು. ಅಮ್ಮನಿಗೆ ಸಂಗೀತದ ಸ್ವರಗಳಿಗೂ ಬಣ್ಣ ಕಾಣುತ್ತಿತ್ತು. ಮಗನಿಗೆ ಸಂಗೀತದಲ್ಲಿ ಯಾವ ಬಣ್ಣವೂ ಕಾಣಲಿಲ್ಲ. ದೊಡ್ಡವನಾದ ಮೇಲೂ ಅವನ ಕಿವಿಗೆ ಅದು ಬರೀ ಕಿರಿಕಿರಿಯ ಸದ್ದಾಗಿಯೇ ಉಳಿಯಿತು.